ತಳ ಹಿಡಿಯದಂತೆ ಅಡುಗೆ: ಪಾತ್ರೆ ಏಕೆ ಸೀಯುತ್ತದೆ, ತಡೆಯುವುದು ಹೇಗೆ

ಪಾತ್ರೆ ಸೀದರೆ ಮೊದಲು ಬೈಗುಳ ಬೀಳುವುದು ಮರೆವಿಗೆ. ಆದರೆ ಒಲೆಯ ಪಕ್ಕದಲ್ಲೇ ನಿಂತಿದ್ದರೂ ಹಾಲು ತಳ ಹಿಡಿಯುತ್ತದೆ, ಕೈಯಾಡಿಸುತ್ತಲೇ ಇದ್ದರೂ ಗಂಜಿ ಹತ್ತಿಕೊಳ್ಳುತ್ತದೆ. ಆದ್ದರಿಂದ ಗಮನ ಒಂದೇ ಸಾಲದು. ತಳದಲ್ಲಿ ಏನು ನಡೆಯುತ್ತಿದೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪಾತ್ರೆಯ ತಳಕ್ಕೆ ನೀರು ತಾಗುತ್ತಿರುವಷ್ಟು ಹೊತ್ತೂ ಉರಿಯ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಾಗಾಗಿ ತಳದ ಒಳಮೈ 100 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ಆ ನೀರು ಯಾವ ಜಾಗದಲ್ಲಿ ಇಲ್ಲವಾಯಿತೋ ಅಲ್ಲಿ ಬಿಸಿ ಸರಸರನೆ ಏರುತ್ತದೆ. 140 ಡಿಗ್ರಿ ಆಸುಪಾಸಿನಲ್ಲಿ ಆಹಾರ ಕೆಂಪಗಾಗಲು ತೊಡಗುತ್ತದೆ, 160ರಿಂದ 170ರಲ್ಲಿ ಸಕ್ಕರೆ ಕಂದಾಗುತ್ತದೆ, 200 ದಾಟಿದ ಮೇಲೆ ಕರಕಲಾಗುವುದಕ್ಕೆ ಹೆಚ್ಚು ಹೊತ್ತು ಬೇಡ.

ನೀರು ಇಲ್ಲವಾಗುವುದು ಎರಡು ಬಗೆಯಲ್ಲಿ. ಒಂದು, ಪಾತ್ರೆಯಲ್ಲಿದ್ದ ನೀರೆಲ್ಲ ಬತ್ತಿಹೋಗುವುದು. ಇನ್ನೊಂದು, ಪಾತ್ರೆ ತುಂಬ ನೀರಿದ್ದರೂ ತಳಕ್ಕೆ ತಲುಪದಿರುವುದು: ಕಾಳು ಕೆಳಗೆ ಕುಳಿತಿರುತ್ತದೆ, ಹಿಟ್ಟು ಅಂಟಿನಂತಾಗಿರುತ್ತದೆ, ಹಾಲಿನ ಪದರ ಹತ್ತಿಕೊಂಡಿರುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಆಗುವುದು ಈ ಎರಡನೆಯದೇ. ಮುಂದೆ ಹೇಳುವುದೆಲ್ಲವೂ ತಳದಲ್ಲಿ ನೀರಿನ ಓಡಾಟ ನಿಲ್ಲದಂತೆ ನೋಡಿಕೊಳ್ಳುವ ದಾರಿಗಳೇ.

ಪಾತ್ರೆಯ ತಳವನ್ನು ಪರೀಕ್ಷಿಸಿ

ಎಲ್ಲ ಲೋಹವೂ ಶಾಖವನ್ನು ಒಂದೇ ರೀತಿ ಹರಡುವುದಿಲ್ಲ. ತಾಮ್ರ ಎಲ್ಲಕ್ಕಿಂತ ಚೆನ್ನಾಗಿ ಹರಡುತ್ತದೆ, ಅದರ ಹಿಂದೆ ಅಲ್ಯೂಮಿನಿಯಂ, ಬಹಳ ದೂರದಲ್ಲಿ ಬೀಡು ಕಬ್ಬಿಣ, ಕೊನೆಯಲ್ಲಿ ಸ್ಟೀಲ್. ಸ್ಟೀಲಿಗಿಂತ ಅಲ್ಯೂಮಿನಿಯಂ ಹತ್ತಕ್ಕಿಂತ ಹೆಚ್ಚು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ತೆಳ್ಳಗಿನ ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗಿದ ಜಾಗ ಮಾತ್ರ ಕಾದು, ಎರಡು ಬೆರಳು ಆಚೆಯ ಜಾಗ ಬೆಚ್ಚಗಷ್ಟೇ ಇರುವುದು ಇದರಿಂದಲೇ. ಸೀದ ಪಾತ್ರೆಯ ತಳ ನೋಡಿ. ಎಷ್ಟೋ ಸಲ ಕಪ್ಪು ಕಲೆ ಉಂಗುರದ ಆಕಾರದಲ್ಲಿರುತ್ತದೆ. ಅದು ಬರ್ನರಿನ ಉಂಗುರದ್ದೇ ಅಚ್ಚು.

ನಿಮ್ಮ ಪಾತ್ರೆ ಎಲ್ಲೆಲ್ಲಿ ಹೆಚ್ಚು ಕಾಯುತ್ತದೆ ಎಂದು ತಿಳಿಯಲು ಸುಲಭದ ಉಪಾಯವಿದೆ. ಒಣಗಿದ ಪಾತ್ರೆಯ ತಳದಲ್ಲಿ ಎರಡು ಚಮಚ ಹಿಟ್ಟನ್ನು ತೆಳ್ಳಗೆ, ಸಮನಾಗಿ ಹರಡಿ. ಮಧ್ಯಮ ಉರಿಯಲ್ಲಿಟ್ಟು ಕೈಯಾಡಿಸದೆ ನೋಡುತ್ತಿರಿ. ಮೊದಲು ಕೆಂಪಾಗುವ ಜಾಗವೇ ಮುಂದೆ ಸೀಯುವ ಜಾಗ. ಹಿಟ್ಟು ಎಲ್ಲ ಕಡೆ ಹೆಚ್ಚುಕಡಿಮೆ ಒಟ್ಟಿಗೆ ಬಣ್ಣ ತಿರುಗಿದರೆ ಆ ಪಾತ್ರೆಯನ್ನು ಹಾಲಿಗೆ, ಗಂಜಿಗೆ, ಪಾಕಕ್ಕೆ ಮೀಸಲಿಡಿ. ಒಂದೇ ಕಡೆ ಕಪ್ಪಾದರೆ ಅದು ನೀರು ಕಾಯಿಸಲು, ತರಕಾರಿ ಬೇಯಿಸಲು ಸಾಕು. ನಾನ್‌ಸ್ಟಿಕ್ ಪಾತ್ರೆಗೂ ಕಲಾಯಿ ಪಾತ್ರೆಗೂ ಈ ಪರೀಕ್ಷೆ ಬೇಡ. ಕಾರಣ ಮುಂದಿದೆ.

ಹೊಸದು ಕೊಳ್ಳುವುದಾದರೆ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಇರುವ ಮೂರು ಪದರದ ಪಾತ್ರೆ, ಇಲ್ಲವೇ ತಳಕ್ಕೆ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿದ ಪಾತ್ರೆ ನೋಡಿ. ಬಿಲ್ಲೆ ಇರುವ ಪಾತ್ರೆಯಲ್ಲಿ ಒಂದು ಕೊರತೆ ಇದೆ: ಬಿಲ್ಲೆ ಮುಗಿದ ಅಂಚಿನಾಚೆ ಗೋಡೆ ತೆಳ್ಳಗಿರುತ್ತದೆ. ಉರಿ ಬಿಲ್ಲೆಯನ್ನು ದಾಟಿ ಮೇಲೆ ನೆಕ್ಕಿದರೆ ತಳ ಚೆನ್ನಾಗಿದ್ದು ಸುತ್ತಲಿನ ಅಂಚು ಸೀಯುತ್ತದೆ.

ತೆಳ್ಳಗಿನ ಪಾತ್ರೆಯೇ ಇದ್ದರೆ ಅದರ ಕೆಳಗೆ ದಪ್ಪ ಕಾವಲಿ ಇಡಿ. ಉರಿ ಕಾವಲಿಗೆ ತಾಗಿ, ಅಲ್ಲಿಂದ ಹರಡಿ ಪಾತ್ರೆಗೆ ಬರುತ್ತದೆ. ಅಡುಗೆ ನಿಧಾನವಾಗುತ್ತದೆ, ಆದರೆ ಬತ್ತಿಸುವ ಕೆಲಸಕ್ಕೂ ಆರಿದ್ದನ್ನು ಬಿಸಿ ಮಾಡುವುದಕ್ಕೂ ಇದಕ್ಕಿಂತ ಒಳ್ಳೆಯ ಉಪಾಯ ಕಡಿಮೆ.

ಉರಿ

ಗ್ಯಾಸ್ ಉರಿ ಪಾತ್ರೆಯ ತಳದ ಅಗಲದೊಳಗೇ ಇರಬೇಕು. ಸಣ್ಣ ಪಾತ್ರೆಗೆ ಸಣ್ಣ ಬರ್ನರ್. ದ್ರವ ಒಮ್ಮೆ ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೆ ಅಡುಗೆ ಬೇಗ ಆಗುವುದಿಲ್ಲ. ಕುದಿಯುವ ನೀರು 100 ಡಿಗ್ರಿಯಲ್ಲೇ ನಿಂತಿರುತ್ತದೆ, ಹೆಚ್ಚಿನ ಉರಿ ನೀರನ್ನು ಬೇಗ ಬತ್ತಿಸುತ್ತದೆ ಅಷ್ಟೆ. ಕುದಿ ಬಂದ ಕೂಡಲೇ ಉರಿ ತಗ್ಗಿಸುವ ಅಭ್ಯಾಸ ಒಂದೇ ಎಷ್ಟೋ ಪಾತ್ರೆಗಳನ್ನು ಉಳಿಸುತ್ತದೆ.

ಇಂಡಕ್ಷನ್ ಒಲೆಯಲ್ಲಿ ಬೇರೆ ತೊಡಕು. ಹಲವು ಒಲೆಗಳು ಕಡಿಮೆ ಮಟ್ಟದಲ್ಲಿ ನಿಜವಾಗಿ ಕಡಿಮೆ ಶಾಖ ಕೊಡುವುದಿಲ್ಲ. ಕೆಲವು ಸೆಕೆಂಡು ಜೋರಾಗಿ ಉರಿದು, ಕೆಲವು ಸೆಕೆಂಡು ನಿಲ್ಲುತ್ತವೆ. ತೆಳ್ಳಗಿನ ತಳ ಆ ಜೋರಿನ ಹೊತ್ತಿನಲ್ಲೇ ಹಿಡಿದುಬಿಡುತ್ತದೆ. ಇಲ್ಲಿ ಕಾವಲಿ ಇಡುವ ಉಪಾಯ ನಡೆಯದು, ದಪ್ಪ ತಳದ ಪಾತ್ರೆಯೇ ಬೇಕು. ವಿದ್ಯುತ್ ಕಾಯಿಲ್ ಒಲೆಯಾದರೆ ಆರಿಸಿದ ಮೇಲೂ ಹಲವು ನಿಮಿಷ ಬಿಸಿ ಉಳಿಯುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪಾತ್ರೆಯನ್ನು ಪಕ್ಕಕ್ಕೆ ಇಳಿಸಬೇಕು.

ಪಾತ್ರೆಯ ಹೊರಮೈ ಕಪ್ಪಾಗುತ್ತಿದ್ದರೆ ತಪ್ಪು ಅಡುಗೆಯದಲ್ಲ, ಬರ್ನರಿನದು. ಉರಿ ನೀಲಿಯಾಗಿರಬೇಕು. ಹಳದಿ ನಾಲಿಗೆ ಏಳುತ್ತಿದ್ದರೆ ಅನಿಲ ಪೂರ್ತಿ ಉರಿಯುತ್ತಿಲ್ಲ, ಮಸಿ ಕೂರುತ್ತಿದೆ ಎಂದರ್ಥ. ಬರ್ನರ್ ತಣ್ಣಗಾದ ಮೇಲೆ ತಲೆಯನ್ನು ತೆಗೆದು, ತೂತುಗಳಲ್ಲಿ ಸೇರಿದ ಕೊಳೆಯನ್ನು ಪಿನ್ನಿನಿಂದ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಕೂರಿಸಿ. ಆಮೇಲೂ ಉರಿ ಹಳದಿಯಿದ್ದರೆ ಒಲೆ ರಿಪೇರಿಯವರಿಗೆ ತೋರಿಸಿ. ಅರೆಬರೆ ಉರಿದ ಅನಿಲ ಮಸಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡನ್ನೂ ಬಿಡುತ್ತದೆ, ಇದನ್ನು ನಾಳೆಗೆ ಮುಂದೂಡಬಾರದು.

ಹಾಲು

ತಳ ಹಿಡಿಯುವ ಪದಾರ್ಥಗಳಲ್ಲಿ ಹಾಲಿನಷ್ಟು ಸೂಕ್ಷ್ಮದ್ದು ಇನ್ನೊಂದಿಲ್ಲ. ಅದರಲ್ಲಿರುವ ಕೆಲವು ಪ್ರೋಟೀನುಗಳು 70 ಡಿಗ್ರಿ ಆಸುಪಾಸಿನಲ್ಲೇ ರೂಪ ಬದಲಿಸಿ ಬಿಸಿ ಲೋಹಕ್ಕೆ ಅಂಟಿಕೊಳ್ಳುತ್ತವೆ. ಅಂದರೆ ಹಾಲು ಕುದಿಯುವುದಕ್ಕೆ ಬಹಳ ಮೊದಲೇ ತಳದಲ್ಲಿ ತೆಳುವಾದ ಪೊರೆ ಕಟ್ಟಿರುತ್ತದೆ. ಆ ಪೊರೆಯಲ್ಲಿ ಸಿಕ್ಕಿಕೊಂಡ ಹಾಲಿನ ಸಕ್ಕರೆ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗುತ್ತದೆ. ಮೇಲೆ ಹಾಲು ಬೆಳ್ಳಗೆ ಶಾಂತವಾಗಿರುವಾಗಲೇ ಕೆಳಗೆ ಇದೆಲ್ಲ ನಡೆದುಹೋಗಿರುತ್ತದೆ.

ಒಂದು ಲೀಟರ್ ಹಾಲಿಗೆ ಹೀಗೆ ಮಾಡಿ. ಎರಡು ಲೀಟರ್ ಹಿಡಿಯುವ ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ಒಳಗೆ ಹಳೆಯ ಕಲೆ, ಒರಟು ಗೀರು ಇರಬಾರದು. ಹೊಸ ಪೊರೆ ಮೊದಲು ಹಿಡಿದುಕೊಳ್ಳುವುದು ಅಂಥ ಒರಟು ಜಾಗವನ್ನೇ. ಎರಡು ಮೂರು ದೊಡ್ಡ ಚಮಚ ತಣ್ಣೀರು ಹಾಕಿ, ತಳವೆಲ್ಲ ಒದ್ದೆಯಾಗುವಂತೆ ಪಾತ್ರೆಯನ್ನು ತಿರುಗಿಸಿ, ನೀರನ್ನು ಚೆಲ್ಲದೆ ಅದರ ಮೇಲೆಯೇ ಹಾಲು ಸುರಿಯಿರಿ. ಒಣ ಲೋಹಕ್ಕೆ ಹಾಲು ನೇರವಾಗಿ ತಾಗದಿರಲೆಂದು ಇದು. ಈ ರಕ್ಷಣೆ ಮೊದಲ ಕೆಲವು ನಿಮಿಷಕ್ಕೆ ಮಾತ್ರ, ಇದೊಂದನ್ನೇ ನಂಬಿಕೊಂಡು ಆಚೆ ಹೋಗಬೇಡಿ.

ಉರಿ ಮಧ್ಯಮಕ್ಕಿಂತ ಮೇಲೆ ಬೇಡ. ಹಾಲು ಬೆಚ್ಚಗಾದಾಗಿನಿಂದಲೇ ನಿಮಿಷಕ್ಕೊಮ್ಮೆ ತಳ ಕೆರೆದಂತೆ ಕೈಯಾಡಿಸಿ. ಮೊದಲು ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ ಒಂದು ಸುತ್ತು, ಆಮೇಲೆ ನಡುವೆ ಅಡ್ಡಡ್ಡ. ಹೆಚ್ಚಿನವರು ಕೆನೆ ಕಾಣಿಸಿದ ಮೇಲೆ ಸೌಟು ಹಿಡಿಯುತ್ತಾರೆ. ಅಷ್ಟರಲ್ಲಿ ಪೊರೆ ಕಟ್ಟಿ ಆಗಿರುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಮಣಿಸರದಂತೆ ಕಂಡಾಗ ಉರಿ ಇನ್ನಷ್ಟು ಇಳಿಸಿ. ಉಕ್ಕಿ ಬಂದೊಡನೆ ಆರಿಸಿ.

ಉಕ್ಕುವುದು ಬೇರೆ, ಸೀಯುವುದು ಬೇರೆ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಮರದ ಸೌಟು ಇಟ್ಟರೆ ಉಕ್ಕುವುದು ಸ್ವಲ್ಪ ತಡವಾಗಬಹುದು, ತಳ ಹಿಡಿಯುವುದನ್ನು ಅದು ತಡೆಯುವುದಿಲ್ಲ. ಹಾಲನ್ನು ಬತ್ತಿಸುತ್ತಿದ್ದರೆ ಗೋಡೆಗೆ ಅಂಟಿದ ಕೆನೆಯನ್ನು ಆಗಾಗ ಹಾಲಿಗೇ ಕೆರೆದು ಹಾಕುತ್ತಿರಿ. ಹಾಲಿನ ಮಟ್ಟ ಇಳಿದಂತೆ ಮೇಲೆ ಉಳಿದ ಕೆನೆ ಒಣಗಿ ಅಲ್ಲೇ ಸೀಯುತ್ತದೆ. ಹುಳಿಯ ಕಡೆ ತಿರುಗಲು ಶುರುವಾದ ಹಾಲು ತಾಜಾ ಹಾಲಿಗಿಂತ ಬೇಗ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಗಟ್ಟಿಯಾಗುವ ಅಡುಗೆ

ನೀರಾಗಿರುವ ಸಾರು ತನ್ನಷ್ಟಕ್ಕೆ ತಿರುಗುತ್ತದೆ: ಬಿಸಿಯಾದದ್ದು ಮೇಲೇರಿ, ತಣ್ಣಗಿರುವುದು ಕೆಳಗಿಳಿಯುತ್ತದೆ. ಹಿಟ್ಟು ಸೇರಿದಾಗ ಈ ಓಡಾಟ ನಿಲ್ಲುತ್ತದೆ. ಪಿಷ್ಟ 60ರಿಂದ 80 ಡಿಗ್ರಿಯೊಳಗೆ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಆಮೇಲೆ ತಳದ ಬಿಸಿಯನ್ನು ಮೇಲಕ್ಕೆ ಸಾಗಿಸುವವರು ನೀವೇ. ಕೊತಕೊತ ಕುದಿತ ಹೋಗಿ, ನಿಧಾನಕ್ಕೆ ದೊಡ್ಡ ಗುಳ್ಳೆ ಎದ್ದು ಪಚಕ್ಕನೆ ಒಡೆಯತೊಡಗಿದರೆ ಹೊತ್ತು ಬಂತೆಂದು ತಿಳಿಯಿರಿ. ಉರಿ ಸಣ್ಣ ಮಾಡಿ, ಕೈ ನಿಲ್ಲಿಸಬೇಡಿ.

ಯಾವುದರಿಂದ ಕೈಯಾಡಿಸುತ್ತೀರಿ ಎಂಬುದು ಎಷ್ಟು ಸಲ ಆಡಿಸುತ್ತೀರಿ ಎಂಬಷ್ಟೇ ಮುಖ್ಯ. ಗುಂಡು ಸೌಟನ್ನು ಸಮತಟ್ಟಾದ ತಳದ ಮೇಲೆ ಇಟ್ಟು ನೋಡಿ. ಅದು ತಾಗುವುದು ಒಂದು ಬೆರಳಗಲ. ಅದೇ ಸೌಟಿನಲ್ಲಿ ಸುತ್ತ ತಿರುಗಿಸುತ್ತಿದ್ದರೆ ಒಂದೇ ಉಂಗುರ ಸವೆಯುತ್ತಿರುತ್ತದೆ, ಅದರ ಒಳಗೂ ಹೊರಗೂ ಪೊರೆ ಬೆಳೆಯುತ್ತಿರುತ್ತದೆ. ತುದಿ ನೇರವಾಗಿ ಕತ್ತರಿಸಿದ ಮರದ ಮಗುಚುವ ಕೈ ತಳಕ್ಕೆ ಪೂರ್ತಿ ಅಗಲದಲ್ಲಿ ಕೂರುತ್ತದೆ. ಸಮತಟ್ಟಾದ ತಳಕ್ಕೆ ನೇರ ತುದಿ, ಗುಂಡು ತಳದ ಬಾಣಲೆಗೆ ದುಂಡನೆಯ ತುದಿ. ಅದು ಮರದ್ದಾದರೆ ಇನ್ನೊಂದು ಅನುಕೂಲ: ತಳದಲ್ಲಿ ಹಿಡಿಯಲು ಶುರುವಾದ ಕೂಡಲೇ ಜಾರುವುದು ನಿಂತು ತಡೆದಂತೆ ಕೈಗೆ ತಿಳಿಯುತ್ತದೆ. ವಾಸನೆ ಬರುವುದಕ್ಕಿಂತ ಮೊದಲು ಸಿಗುವ ಎಚ್ಚರಿಕೆ ಇದು.

ಹಿಟ್ಟನ್ನು ಎಂದೂ ಬಿಸಿ ನೀರಿಗೆ ನೇರವಾಗಿ ಸುರಿಯಬೇಡಿ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಬಿಡುತ್ತಾ ತಿರುಗಿಸಿ. ಗಂಟುಗಳು ತಳಕ್ಕೆ ಬಿದ್ದು ಅಲ್ಲೇ ಅಂಟಿ ಸೀಯುತ್ತವೆ. ಬೇಳೆ, ಕಾಳುಗಳಿಗೂ ಇದೇ ಲೆಕ್ಕ. ಹಾಕಿದ ಮೊದಲ ಐದು ನಿಮಿಷ ಅವು ತಳದಲ್ಲೇ ಕುಳಿತಿರುತ್ತವೆ, ಆ ಹೊತ್ತಿನಲ್ಲಿ ಎರಡು ಮೂರು ಸಲ ಎಬ್ಬಿಸಿದರೆ ಮುಂದೆ ಕುದಿಯೇ ನೋಡಿಕೊಳ್ಳುತ್ತದೆ. ಟೊಮೆಟೊ ಗೊಜ್ಜು, ಸಕ್ಕರೆ ಸೇರಿದ ಹಣ್ಣಿನ ಜಾಮ್ ಇವು ಕೊನೆಯ ಕಾಲು ಭಾಗದಲ್ಲಿ ಸೀಯುತ್ತವೆ. ಅಗಲವಾದ ಪಾತ್ರೆಯಲ್ಲಿ ಮಾಡಿದರೆ ನೀರು ಬೇಗ ಆರುತ್ತದೆ, ಉರಿಯ ಮೇಲಿರುವ ಹೊತ್ತೂ ಕಡಿಮೆಯಾಗುತ್ತದೆ.

ಅನ್ನವನ್ನು ನೀರು ಇಂಗಿಸಿ ಮಾಡುವಾಗ ಕೈಯಾಡಿಸಿದರೆ ಮುದ್ದೆಯಾಗುತ್ತದೆ, ಹಾಗಾಗಿ ಇಲ್ಲಿ ಬೇರೆ ದಾರಿ. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ, ಹೊರಗಿನ ಪಿಷ್ಟವೇ ತಳದಲ್ಲಿ ಅಂಟಾಗುವುದು. ಒಂದು ಅಳತೆ ಅಕ್ಕಿಗೆ ಒಂದೂವರೆಯಿಂದ ಎರಡು ಅಳತೆ ನೀರು. ಕುದಿ ಬಂದಾಗ ಒಮ್ಮೆ ಮಾತ್ರ ತಳದಿಂದ ಎಬ್ಬಿಸಿ, ಬಿಗಿಯಾದ ಮುಚ್ಚಳ ಹಾಕಿ, ಅತಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಇಡಿ. ಆರಿಸಿದ ಮೇಲೆ ಮುಚ್ಚಳ ತೆಗೆಯದೆ 10 ನಿಮಿಷ ಬಿಡಿ. ಒಳಗಿನ ಆವಿ ತಳದ ಒಣ ಪದರಕ್ಕೆ ಮರಳಿ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ.

ಫ್ರಿಜ್ಜಿನಲ್ಲಿಟ್ಟ ಗಟ್ಟಿ ಪದಾರ್ಥವನ್ನು ಬಿಸಿ ಮಾಡುವಾಗ ಮೊದಲು ನಾಲ್ಕಾರು ಚಮಚ ನೀರನ್ನು ಪಾತ್ರೆಯಲ್ಲಿ ಕಾಯಿಸಿ, ಪದಾರ್ಥವನ್ನು ಒಡೆದು ಅದರ ಮೇಲೆ ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿಡಿ. ಗಡ್ಡೆಯಾಗಿ ಹಾಕಿದರೆ ನಡುವೆ ತಣ್ಣಗಿರುವಾಗಲೇ ಕೆಳಗೆ ಕರಕಲಾಗಿರುತ್ತದೆ.

ಪ್ರೆಷರ್ ಕುಕ್ಕರ್

ಒಳಗೆ ಕಾಣದ ಕಾರಣ ಇಲ್ಲಿ ಕಿವಿಯೇ ಕಣ್ಣು. ಕುಕ್ಕರ್ ಹೊತ್ತಿಗೆ ಸರಿಯಾಗಿ ಒತ್ತಡ ಕಟ್ಟದೆ ಬದಿಯಿಂದ ಸುಯ್ಯನೆ ಆವಿ ಬಿಡುತ್ತಿದ್ದರೆ ನೀರು ಖಾಲಿಯಾಗುತ್ತಿದೆ ಎಂದೇ ಅರ್ಥ. ಆರಿಸಿ, ಒತ್ತಡ ಪೂರ್ತಿ ಇಳಿದ ಮೇಲೆ ತೆರೆದು ಗ್ಯಾಸ್ಕೆಟ್ ನೋಡಿ. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ಅಂಚಿನಲ್ಲಿ ಅಗುಳು ಸಿಕ್ಕಿಕೊಂಡಿದ್ದರೂ ಆವಿ ಸೋರುತ್ತದೆ. ತಯಾರಕರು ಹೇಳಿದ ಕನಿಷ್ಠ ನೀರಿಗಿಂತ ಕಡಿಮೆ ಹಾಕಬಾರದು. ಒಳಗೆ ಪಾತ್ರೆ ಇಟ್ಟು ಬೇಯಿಸುವಾಗ ಕೆಳಗೆ ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಬೇಕು. ಗಟ್ಟಿ ಗೊಜ್ಜು, ಟೊಮೆಟೊ ಪೇಸ್ಟ್ ಇವುಗಳನ್ನು ಎಲ್ಲದರ ಮೇಲೆ ಹಾಕಿ, ಕದಡದೆ ಮುಚ್ಚಿ. ಅವು ತಳದಲ್ಲಿದ್ದರೆ ಒತ್ತಡ ಬರುವ ಮೊದಲೇ ಹಿಡಿಯುತ್ತವೆ.

ಎಣ್ಣೆ, ಹುರಿಯುವುದು, ಖಾಲಿ ಪಾತ್ರೆ

ಎಣ್ಣೆಯಲ್ಲಿ ಹುರಿಯುವಾಗ 100 ಡಿಗ್ರಿಯ ಕಾವಲು ಇರುವುದಿಲ್ಲ. ಮಸಾಲೆ ಪುಡಿಗಳು ಬಿಸಿ ಎಣ್ಣೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಕಪ್ಪಾಗುತ್ತವೆ. ಉರಿ ತಗ್ಗಿಸಿ ಹಾಕಿ, ಕೂಡಲೇ ಒಂದೆರಡು ಚಮಚ ನೀರು ಚಿಮುಕಿಸಿ. ಈರುಳ್ಳಿ ಹುರಿಯುವಾಗ ತಳದಲ್ಲಿ ಕಂದು ಬಣ್ಣ ಹಿಡಿಯತೊಡಗಿದರೂ ಅದೇ ಮದ್ದು: ಎರಡು ಚಮಚ ನೀರು ಹಾಕಿ ಕೆರೆಯಿರಿ. ಕಂದು ಪದರ ಕರಗಿ ರುಚಿಯಾಗಿ ಸೇರಿಕೊಳ್ಳುತ್ತದೆ. ಕಪ್ಪಾದ ಮೇಲೆ ಮಾಡಿದರೆ ಕಹಿ ಸೇರುತ್ತದೆ.

ಸ್ಟೀಲ್ ಬಾಣಲೆಗೆ ಆಹಾರ ಅಂಟದಿರಲು ಮೊದಲು ಪಾತ್ರೆ, ಆಮೇಲೆ ಎಣ್ಣೆ, ಕೊನೆಗೆ ಪದಾರ್ಥ. ಒಂದು ಹನಿ ನೀರು ಹಾಕಿ ನೋಡಿ. ಚುಂಯ್ ಎಂದು ಆರಿದರೆ ಇನ್ನೂ ಕಾಯಬೇಕು. ಹನಿ ಆರದೆ ಗೋಲಿಯಂತೆ ಓಡಾಡಿದರೆ ಬಿಸಿ ಸಾಕಾಯಿತು. ಉರಿ ತಗ್ಗಿಸಿ, ಹನಿಯನ್ನು ಒರೆಸಿ, ಎಣ್ಣೆ ಹಾಕಿ.

ನಾನ್‌ಸ್ಟಿಕ್ ಪಾತ್ರೆಗೆ ಈ ಪರೀಕ್ಷೆ ಮಾಡಬಾರದು, ಖಾಲಿಯಾಗಿ ಕಾಯಿಸಲೂ ಬಾರದು. ಅದರ ಟೆಫ್ಲಾನ್ ಲೇಪ 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ, ಇನ್ನೂ ಮೇಲೆ ಹೋದರೆ ಬರುವ ಹೊಗೆ ಸಾಕುಹಕ್ಕಿಗಳ ಜೀವ ತೆಗೆಯುತ್ತದೆ. ಜೋರು ಉರಿಯಲ್ಲಿ ಖಾಲಿ ಪಾತ್ರೆ ಅಷ್ಟು ಕಾಯಲು ಕೆಲವೇ ನಿಮಿಷ ಸಾಕು. ಕಲಾಯಿ ಹಾಕಿದ ತಾಮ್ರ, ಹಿತ್ತಾಳೆ ಪಾತ್ರೆಗಳಿಗೂ ಖಾಲಿ ಕಾಯಿಸುವುದು ಶತ್ರು. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ.

ಸೀದ ವಾಸನೆ ಬಂದಾಗ

ಮೊದಲು ಆರಿಸಿ. ಕೈಯಾಡಿಸಬೇಡಿ, ತಳ ಕೆರೆಯಬೇಡಿ. ಸೀದದ್ದು ಇನ್ನೂ ತಳದಲ್ಲೇ ಇದೆ, ಕೆರೆದರೆ ಎಲ್ಲ ಕಡೆ ಹರಡುತ್ತದೆ. ಪಾತ್ರೆಯನ್ನು ಒಲೆಯಿಂದ ಇಳಿಸಿ, ಮೇಲಿನ ಭಾಗವನ್ನು ಬೇರೆ ಪಾತ್ರೆಗೆ ಸುರಿಯಿರಿ, ಕೆಳಗಿನ ಎರಡು ಬೆರಳು ಬಿಟ್ಟುಬಿಡಿ. ರುಚಿ ನೋಡಿ ಸರಿಯಿದ್ದರೆ ಅಡುಗೆ ಮುಂದುವರಿಸಿ. ಹಾಲಿಗೆ ಸೀದ ವಾಸನೆ ಹತ್ತಿದರೆ ಮಾತ್ರ ಅದನ್ನು ತೆಗೆಯುವ ದಾರಿಯಿಲ್ಲ.

ನೀರು ಪೂರ್ತಿ ಬತ್ತಿ ಪಾತ್ರೆ ಕೆಂಗಾಯುತ್ತಿದ್ದರೆ ತಣ್ಣೀರು ಸುರಿಯಬೇಡಿ. ತಳ ಸೊಟ್ಟಗಾಗುತ್ತದೆ, ಎನಾಮಲ್ ಸಿಡಿಯುತ್ತದೆ, ಆವಿ ಕೈ ಸುಡುತ್ತದೆ. ಬಿಲ್ಲೆ ತಳದ ಪಾತ್ರೆಯನ್ನು ಎತ್ತಲೂ ಹೋಗಬೇಡಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಕರಗಿದ ಲೋಹ ಕೆಳಗೆ ತೊಟ್ಟಿಕ್ಕಬಹುದು. ಆರಿಸಿ, ಕಿಟಕಿ ತೆರೆದು, ಇದ್ದಲ್ಲೇ ಆರಲು ಬಿಡಿ. ಎಣ್ಣೆಗೆ ಬೆಂಕಿ ಹತ್ತಿದರೆ ಉರಿ ಆರಿಸಿ ಮುಚ್ಚಳ ಮುಚ್ಚಿ. ನೀರು ಹಾಕಿದರೆ ಉರಿಯುವ ಎಣ್ಣೆ ಸಿಡಿದು ಬೆಂಕಿ ಹಬ್ಬುತ್ತದೆ.

ಕಲೆ ತೆಗೆಯುವುದು

ಸ್ಟೀಲ್ ಪಾತ್ರೆಗೆ: ಪೂರ್ತಿ ತಣ್ಣಗಾದ ಮೇಲೆ ಕಲೆ ಮುಳುಗಿ ಒಂದು ಅಂಗುಲ ಮೇಲೆ ನಿಲ್ಲುವಷ್ಟು ನೀರು, ಲೀಟರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ. 10ರಿಂದ 15 ನಿಮಿಷ ಸಣ್ಣಗೆ ಕುದಿಸಿ ಆರಿಸಿ, ಒಂದೆರಡು ಗಂಟೆ ಬಿಡಿ. ಕುದಿಸಿದಾಗ ಸೋಡಾ ಇನ್ನಷ್ಟು ಕ್ಷಾರವಾಗಿ ಸೀದ ಕೊಬ್ಬು, ಪ್ರೋಟೀನುಗಳನ್ನು ಸಡಿಲಿಸುತ್ತದೆ. ಮರದ ಕೈಯಿಂದ ಅಂಚಿನಿಂದ ಒಳಕ್ಕೆ ತಳ್ಳಿದರೆ ಹಪ್ಪಳೆಯಾಗಿ ಏಳುತ್ತದೆ. ಉಳಿದದ್ದಕ್ಕೆ ಮೂರು ಪಾಲು ಸೋಡಾಗೆ ಒಂದು ಪಾಲು ನೀರು ಕಲಸಿ ಬಳಿದು, ಅರ್ಧ ಗಂಟೆ ಬಿಟ್ಟು ಉಜ್ಜಿ. ಮೊದಲ ಸಲಕ್ಕೆ ಏಳದಿದ್ದರೆ ಮತ್ತೆ ಕುದಿಸಿ. ಸ್ಟೀಲ್ ಜುಂಗಿನಿಂದ ಜೋರಾಗಿ ತಿಕ್ಕಿದ ಗೀರುಗಳೇ ಮುಂದಿನ ಸಲ ಅಡುಗೆ ಹಿಡಿಯುವ ಜಾಗ. ಸಕ್ಕರೆ ಸೀದಿದ್ದರೆ ಬರೀ ನೀರು ಹಾಕಿ ಕುದಿಸಿ ನೋಡಿ, ಪೂರ್ತಿ ಇದ್ದಿಲಾಗದಿದ್ದರೆ ಕರಗುತ್ತದೆ.

ಸೋಡಾ ಮತ್ತು ವಿನೆಗರ್ ಒಟ್ಟಿಗೆ ಹಾಕಬೇಡಿ. ನೊರೆ ಬರುವುದು ನೋಡಲು ಚೆಂದ, ಆದರೆ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದು ಕೊನೆಗೆ ಉಪ್ಪುನೀರು ಉಳಿಯುತ್ತದೆ. ಸ್ಟೀಲಿನ ಮೇಲಿನ ಕಾಮನಬಿಲ್ಲಿನ ಬಣ್ಣ ಅತಿ ಬಿಸಿಯಿಂದ ದಪ್ಪಗಾದ ಆಕ್ಸೈಡ್ ಪದರ. ಅದಕ್ಕೆ ವಿನೆಗರ್ ಮಾತ್ರ ಹಚ್ಚಿ ಒರೆಸಿದರೆ ಸಾಕು.

ಅಲ್ಯೂಮಿನಿಯಂಗೆ ಸೋಡಾ ಬೇಡ, ಕಪ್ಪಾಗಿ ಸವೆಯುತ್ತದೆ. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ 10 ನಿಮಿಷ ಕುದಿಸಿ. ಬೀಡು ಕಬ್ಬಿಣವನ್ನು ನೆನೆಹಾಕಬಾರದು. ಬರೀ ನೀರನ್ನು ಐದು ನಿಮಿಷ ಕುದಿಸಿ, ಮರದ ಕೈಯಿಂದ ಕೆರೆದು ತೊಳೆದು, ಒಲೆಯ ಮೇಲೆ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ. ಎನಾಮಲ್‌ಗೆ ಸೋಡಾ ಆಗುತ್ತದೆ, ಲೋಹದ ಅಂಚಿನಿಂದ ಕೆರೆಯಬಾರದು. ನಾನ್‌ಸ್ಟಿಕ್ ಆದರೆ ಬಿಸಿ ನೀರಿನಲ್ಲಿ ನೆನೆಸಿ ಮೆತ್ತನೆಯ ಸ್ಪಂಜಿನಿಂದ ಒರೆಸಿ. ಲೇಪ ಏಳುತ್ತಿದ್ದರೆ ಪಾತ್ರೆ ಬದಲಿಸಿ.

ತೊಳೆದ ಪಾತ್ರೆಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಗಡಗಡ ಅಲುಗಾಡಿದರೆ ತಳ ಕೆಳಗೆ ಉಬ್ಬಿದೆ. ಅಂಥ ಪಾತ್ರೆ ಇಂಡಕ್ಷನ್ ಮೇಲೂ ಕಾಯಿಲ್ ಮೇಲೂ ಉಬ್ಬಿದ ಜಾಗದಲ್ಲೇ ಮತ್ತೆ ಸೀಯುತ್ತದೆ, ಅದನ್ನು ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಲು ಇಟ್ಟುಕೊಳ್ಳಿ.